ಇಡ್ಲಿ ಹಿಟ್ಟಿನ ವಿದ್ಯೆ, ವಿಮಾನದ ಇಂಧನ



ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟು ಬೆಳಿಗ್ಗೆ ಪಾತ್ರೆಯ ಅಂಚಿಗೆ ಉಬ್ಬಿ ಬಂದಿರುವುದನ್ನು ನೀವೆಲ್ಲ ನೋಡಿದ್ದೀರಿ. ನೀವು ನಿದ್ದೆ ಮಾಡುವಾಗ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಅದರೊಳಗೆ ದುಡಿದಿರುತ್ತವೆ. ಇದನ್ನೇ ನಾವು ಹುದುಗು ಬರುವುದು ಎನ್ನುತ್ತೇವೆ. ನೀವು ಫರ್ಮೆಂಟೇಶನ್ ಎನ್ನುತ್ತೀರಿ. ಇಂಥ ಜೀವಿಗಳಿಂದ ವಿಮಾನದ ಇಂಧನವೂ ತಯಾರಾಗುತ್ತದೆ ಎಂದರೆ, ಬಿ.ಎ.ಯಲ್ಲಿ ಇಂಗ್ಲಿಷ್ ಓದಿದ ನಾನು ಮೊದಲು ನಂಬಲೇ ಇಲ್ಲ.

ಆದರೆ 2023ರ ಮೇ 19ರಂದು ನಮ್ಮ ಪುಣೆಯಿಂದಲೇ ಏರ್‌ಏಷ್ಯಾ ಇಂಡಿಯಾದ ವಿಮಾನವೊಂದು ದೆಹಲಿಗೆ ಹಾರಿತು. ಪುಣೆಯ ಪ್ರಾಜ್ ಇಂಡಸ್ಟ್ರೀಸ್ ತಯಾರಿಸಿದ ಜೈವಿಕ ಇಂಧನ ಅದರಲ್ಲಿ ಸ್ವಲ್ಪ ಬೆರೆತಿತ್ತು. ವಿಧಾನ ಹೀಗಿದೆ: ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆ ಅಂಶವನ್ನು ಆಲ್ಕೋಹಾಲ್ ಆಗಿಸುತ್ತದೆ. ಅದನ್ನು ಹಾಗೆಯೇ ವಿಮಾನಕ್ಕೆ ತುಂಬಿದರೆ ಶಕ್ತಿ ಸಾಲದು. ಆದ್ದರಿಂದ ಅದರ ನೀರಿನಂಶ ತೆಗೆದು, ಅಣುಗಳನ್ನು ಹೂವಿನಂತೆ ಪೋಣಿಸಿ, ಹೈಡ್ರೋಜನ್ ಸೇರಿಸುತ್ತಾರೆ. ಆಗ ಸೀಮೆಎಣ್ಣೆಯ ಜಾತಿಯ ವಿಮಾನ ಇಂಧನ ಸಿದ್ಧವಾಗುತ್ತದೆ.

ಸರಿ, ಸಕ್ಕರೆ ಎಲ್ಲಿಂದ ಬರಬೇಕು? ಕಬ್ಬಿಗೆ ಎಷ್ಟು ನೀರು ಬೇಕೆಂದು ಮಂಡ್ಯದ ರೈತರನ್ನು ಕೇಳಿ, ಕೊಲ್ಹಾಪುರದವರನ್ನೂ ಕೇಳಿ. ಹೊಲವನ್ನೂ ನೀರನ್ನೂ ವಿಮಾನಕ್ಕೇ ಕೊಟ್ಟರೆ ನಮ್ಮ ಊಟಕ್ಕೇನು ಗತಿ?

ಇದಕ್ಕೆ ಉತ್ತರ ಕೊಟ್ಟದ್ದು ಮೊಲದ ಹಿಕ್ಕೆ! ನಗಬೇಡಿ. ಅದರಲ್ಲಿ ಸಿಕ್ಕ ಕ್ಲಾಸ್ಟ್ರೀಡಿಯಂ ಆಟೋಎಥನೋಜೀನಂ ಎಂಬ ಬ್ಯಾಕ್ಟೀರಿಯಾವನ್ನು ಬೆಲ್ಜಿಯಂನ ವಿಜ್ಞಾನಿಗಳು 1994ರಲ್ಲಿ ಲೋಕಕ್ಕೆ ಪರಿಚಯಿಸಿದರು. ಇದಕ್ಕೆ ಸಕ್ಕರೆ ಬೇಕಿಲ್ಲ. ಉಕ್ಕಿನ ಕಾರ್ಖಾನೆಯಿಂದ ಹೊರಬೀಳುವ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನೇ ತಿಂದು ಆಲ್ಕೋಹಾಲ್ ಕೊಡುತ್ತದೆ. ಲಾಂಝಾಟೆಕ್ ಸಂಸ್ಥೆ ಈ ದಾರಿಯಲ್ಲಿ ತಯಾರಿಸಿದ ಇಂಧನವನ್ನು ಬೆರೆಸಿಕೊಂಡು 2018ರ ಅಕ್ಟೋಬರ್‌ನಲ್ಲಿ ವರ್ಜಿನ್ ಅಟ್ಲಾಂಟಿಕ್ ವಿಮಾನವೊಂದು ಅಮೆರಿಕದ ಒರ್ಲಾಂಡೊದಿಂದ ಲಂಡನ್ನಿಗೆ ಬಂತು. ಪಾಣಿಪತ್‌ನ ತೈಲ ಸಂಸ್ಕರಣಾಗಾರದಲ್ಲಿ ಇಂಡಿಯನ್ ಆಯಿಲ್ ಸಹ ಅನಿಲದಿಂದ ಆಲ್ಕೋಹಾಲ್ ಮಾಡುವ ಇಂಥದೇ ಸ್ಥಾವರ ಕಟ್ಟಿದೆ.

ಇದರಿಂದ ವಿಮಾನದ ಹೊಗೆ ನಿಂತುಹೋಗುವುದಿಲ್ಲ. ಸುಮ್ಮನೆ ಗಾಳಿಗೆ ಹೋಗಬೇಕಿದ್ದ ಇಂಗಾಲ ಇನ್ನೊಮ್ಮೆ ಕೆಲಸಕ್ಕೆ ಬರುತ್ತದೆ, ಅಷ್ಟೇ. ಬೆಲೆಯೂ ಸಾಮಾನ್ಯ ಇಂಧನಕ್ಕಿಂತ ಬಹಳ ಹೆಚ್ಚು. ಆದರೂ ಅಂತರರಾಷ್ಟ್ರೀಯ ವಿಮಾನಗಳಲ್ಲಿ 2027ಕ್ಕೆ ಶೇ. 1, 2030ಕ್ಕೆ ಶೇ. 5ರಷ್ಟು ಇಂಥ ಇಂಧನ ಬೆರೆಸುವ ಗುರಿಯನ್ನು ನಮ್ಮ ಸರ್ಕಾರ ಇಟ್ಟುಕೊಂಡಿದೆ.

ಆ ಇಂಧನ ಹೊಲದಿಂದ ಬರಬೇಕೋ, ಕಸದಿಂದ ಬರಬೇಕೋ ಎಂಬುದನ್ನು ನಿರ್ಧರಿಸುವವರು ನೀವು. ಕಂಪ್ಯೂಟರ್ ಬಿಟ್ಟರೆ ಬೇರೆ ಓದೇ ಇಲ್ಲ ಎಂದುಕೊಳ್ಳಬೇಡಿ, ಮಕ್ಕಳೇ. ಇವತ್ತು ರಾತ್ರಿ ಅಮ್ಮ ಹಿಟ್ಟು ರುಬ್ಬುವಾಗ ಒಂದು ಗಳಿಗೆ ಅಡುಗೆಮನೆಗೆ ಬನ್ನಿ. ಪಾಠ ಅಲ್ಲಿಂದಲೇ ಶುರು.