ಇಂಜೆಕ್ಟರ್ ಕಿತ್ತು ಕಾರ್ಬುರೇಟರ್ ಹಾಕ್ಸೋ ಮುಂಚೆ ಇದನ್ನ ಓದ್ರಿ

ರೋಣ, ನರಗುಂದ, ಗಜೇಂದ್ರಗಡ ಕಡೆ ತರಕಾರಿ ಮಾರೋ ಹುಡುಗರ ಮನೆ ಮುಂದೆ ಒಂದು ಹಳೇ ಮಾರುತಿ ಓಮ್ನಿ ನಿಂತಿರೋದು ಸಾಮಾನ್ಯ. ಹಿಂದಿನ ಸೀಟು ಬಿಚ್ಚಿ ಐದಾರು ಚೀಲ ಉಳ್ಳಾಗಡ್ಡಿ, ಮೇಲೆ ಕೊತಂಬರಿ ಕಟ್ಟು ಹೇರಿದರೆ ಸಂತೆಗೆ ಸಾಕು. ಆದರೆ ಗಾಡಿ ನಡುದಾರಿಯಲ್ಲಿ ನಿಂತರೆ, ಏಪ್ರಿಲ್ ಬಿಸಿಲಿಗೆ ಎರಡೇ ತಾಸಿನಲ್ಲಿ ಸೊಪ್ಪು ಬಾಡಿ ಅವತ್ತಿನ ದುಡಿಮೆ ಹೋದಂಗೆ. ಆಗ ಬರೋ ಮಾತು ಒಂದೇ: “ಈ ಕಂಪ್ಯೂಟರ್ ಸಹವಾಸ ಬ್ಯಾಡ ಅಣ್ಣಾ, ಹಳೇ 800ರ ಕಾರ್ಬುರೇಟರ್ ಹಾಕ್ಸಿಬಿಡ್ಲೇನು?”

ಪ್ರಶ್ನೆ ಹುಚ್ಚಲ್ಲ. ಓಮ್ನಿ ಮತ್ತು ಮಾರುತಿ 800 ಎರಡರದ್ದೂ 796 ಸಿಸಿ, ಮೂರು ಸಿಲಿಂಡರಿನ ಎಂಜಿನ್. ಮೊದಮೊದಲು ಎರಡೂ ಕಾರ್ಬುರೇಟರ್ ಮೇಲೇ ಓಡಿದವು. 2000ದ ಆಸುಪಾಸು ಹೊಗೆ ನಿಯಮ ಬಿಗಿಯಾದಾಗ ಎಂಪಿಎಫ್ಐ ಬಂತು. ಬೈಕಿಗೆ ಇದೇ ಬದಲಾವಣೆ 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜತೆ ಬಂತು. ಹಂಗಾಗಿ ಹಳೇ ಮಿಸ್ತ್ರಿಗಳ ಕೈಗೆ ಕಾರ್ಬುರೇಟರೇ ಒಗ್ಗಿದ್ದು.

ಕಾರ್ಬುರೇಟರ್ ಅಂದ್ರೇನು ಅಂತ ಡ್ರಿಪ್ ಹಾಕಿದವರಿಗೆ ಹೊಸದಾಗಿ ಹೇಳಬೇಕಿಲ್ಲ. ಗೊಬ್ಬರ ಬಿಡೋಕೆ ವೆಂಚುರಿ ಕೂಡ್ರಿಸ್ತೀರಲ್ಲ, ಅದೇ. ಇಕ್ಕಟ್ಟಾದ ಜಾಗದಲ್ಲಿ ನೀರು ಜೋರಾಗಿ ಹರಿದಾಗ ಒತ್ತಡ ಇಳಿದು, ಪಕ್ಕದ ಬಕೆಟ್ಟಿನ ಜೀವಾಮೃತ ತಾನಾಗೇ ಎಳೆದುಕೊಳ್ತದೆ. ಕಾರ್ಬುರೇಟರಿನಲ್ಲಿ ನೀರಿನ ಬದಲು ಗಾಳಿ, ಜೀವಾಮೃತದ ಬದಲು ಪೆಟ್ರೋಲ್. ವೆಂಚುರಿಯ ಗುಣದೋಷವೂ ಹಂಗೇ ಬರ್ತದೆ: ಕರೆಂಟ್ ಬೇಡ, ಸೋವಿ, ಬಿಚ್ಚಿ ತೊಳೀಬಹುದು. ಆದರೆ ಲೈನಿನ ಒತ್ತಡ ಹೆಚ್ಚುಕಡಿಮೆ ಆದರೆ ಡೋಸೂ ಏರುಪೇರು. ಇಂಜೆಕ್ಷನ್ ಗಾಡಿಯಲ್ಲಿ ಸೆನ್ಸರ್‌ಗಳು ಗಾಳಿಯ ಒತ್ತಡ, ಎಂಜಿನ್ ಬಿಸಿ, ಸೈಲೆನ್ಸರಿನ ಆಮ್ಲಜನಕ ಎಲ್ಲ ಅಳೆದು ಇಸಿಎಂಗೆ ಹೇಳ್ತವೆ, ಅದು ಲೆಕ್ಕ ಹಾಕಿ ಪೆಟ್ರೋಲ್ ಸಿಂಪಡಿಸ್ತದೆ. ಒಂದು ಭಾಗ ಪೆಟ್ರೋಲಿಗೆ ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು. 20% ಎಥೆನಾಲ್ ಬೆರೆತ ಪೆಟ್ರೋಲಿಗೆ ಇದು 13.5ರ ಹತ್ತಿರ ಇಳೀತದೆ. ಈ ವ್ಯತ್ಯಾಸವನ್ನ ಇಸಿಎಂ ಒಂದು ಮಟ್ಟಕ್ಕೆ ಸರಿದೂಗಿಸ್ತದೆ. ಹಳೇ ಜೆಟ್ಟಿಗೆ ಆ ಬುದ್ಧಿ ಎಲ್ಲಿಂದ ಬರಬೇಕು?

ಇನ್ನು ಬದಲಾಯಿಸೋ ಕೆಲಸ. ಹಳೇ ಕಾರ್ಬುರೇಟರ್ ತಂದು ಬೋಲ್ಟ್ ಬಿಗಿದರೆ ಮುಗಿಯೋದಿಲ್ಲ. ಕಾರ್ಬುರೇಟರಿಗೆ ಹೊಂದೋ ಇನ್‌ಟೇಕ್ ಮ್ಯಾನಿಫೋಲ್ಡ್ ಬೇಕು. ಕಿಡಿ ಯಾವಾಗ ಹೊಡೀಬೇಕು ಅಂತ ಹೇಳ್ತಿದ್ದದ್ದೂ ಇಸಿಎಂ, ಅದನ್ನ ಕಿತ್ತ ಮೇಲೆ ತನ್ನಷ್ಟಕ್ಕೆ ಕೆಲಸ ಮಾಡೋ ಡಿಸ್ಟ್ರಿಬ್ಯೂಟರ್ ಬೇಕು. ಹೊಸ ತಲೆಮಾರಿನ ಎಷ್ಟೋ ಎಂಜಿನ್ನುಗಳಲ್ಲಿ ಅದನ್ನ ಕೂಡ್ರಿಸೋಕೆ ಜಾಗವೇ ಇರೋದಿಲ್ಲ.

ನನಗೆ ನಿಜವಾದ ಹೆದರಿಕೆ ಇರೋದು ಪೆಟ್ರೋಲ್ ಪಂಪಿನ ಬಗ್ಗೆ. ಇಂಜೆಕ್ಷನ್ ಗಾಡಿಯ ಟ್ಯಾಂಕಿನೊಳಗಿನ ಪಂಪು ಸುಮಾರು 3 ಬಾರ್ ಒತ್ತಡ ಕೊಡ್ತದೆ, ನಮ್ಮ ಡ್ರಿಪ್ ಭಾಷೆಯಲ್ಲಿ ಮೂರು ಕೆಜಿ. ಕಾರ್ಬುರೇಟರಿಗೆ ಬೇಕಾದದ್ದು 0.2ರಿಂದ 0.3 ಬಾರ್ ಅಷ್ಟೇ. ಅದೇ ಪಂಪು ಉಳಿಸಿಕೊಂಡರೆ ಫ್ಲೋಟಿನ ಸೂಜಿ ತಡೆಯೋದಿಲ್ಲ, ಪೆಟ್ರೋಲ್ ಉಕ್ಕಿ ಬಿಸಿ ಎಂಜಿನ್ ಮೇಲೆ ಸುರೀತದೆ. ಓಮ್ನಿಯ ಎಂಜಿನ್ ಎಲ್ಲಿದೆ ನೆನಪಿರಲಿ: ನೀವು ಕೂಡ್ರೋ ಸೀಟಿನ ಕೆಳಗೇ. ಕಡಿಮೆ ಒತ್ತಡದ ಪಂಪು, ಹೊಸ ಪೈಪು, ಟ್ಯಾಂಕಿಗೆ ವಾಪಸ್ ಹೋಗೋ ಲೈನು ಬಗ್ಗೆ ಮಾತೇ ಎತ್ತದ ಮಿಸ್ತ್ರಿಗೆ ಗಾಡಿ ಕೊಡಬೇಡಿ.

ಕಾನೂನೂ ಅಡ್ಡ ನಿಲ್ತದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ ತಯಾರಕರ ವಿವರಕ್ಕೆ ವ್ಯತ್ಯಾಸ ಆಗೋ ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿ ಮೇಲೆ ಮಾಲೀಕರಿಗೆ ಬದಲಾವಣೆ ಒಂದಕ್ಕೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮೆ ಕಂಪನಿಗೆ ತಕರಾರು ತೆಗೆಯೋಕೆ ನಾವೇ ಕಾರಣ ಕೊಟ್ಟಂಗೆ.

ಹಂಗಾದ್ರೆ ನಿಂತ ಗಾಡಿಗೆ ಏನು ಮಾಡೋದು? ಕೈಯಲ್ಲಿ ಫೋನ್ ಇದೆಯಲ್ಲ. ಬ್ಲೂಟೂತ್ ಓಬಿಡಿ ಸ್ಕ್ಯಾನರ್ ಸಾವಿರ ರೂಪಾಯಿ ಒಳಗೇ ಸಿಗ್ತದೆ. ಸ್ಟೇರಿಂಗ್ ಹತ್ತಿರದ ಸಾಕೆಟ್ಟಿಗೆ ಚುಚ್ಚಿ ಆ್ಯಪ್ ತೆರೆದರೆ ಕೋಡ್ ತೋರಿಸ್ತದೆ. ಪಿ0335 ಬಂದರೆ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟ್, ಪಿ0171 ಬಂದರೆ ಗಾಳಿ ಹೆಚ್ಚು ಪೆಟ್ರೋಲ್ ಕಡಿಮೆ, ಪಿ0230 ಬಂದರೆ ಪಂಪಿನ ಕರೆಂಟ್ ದಾರಿ. ದೇಶಕ್ಕೆಲ್ಲ ಬಿಎಸ್-4 ಕಡ್ಡಾಯವಾದ 2017ರ ಏಪ್ರಿಲ್ ನಂತರದ ಗಾಡಿಗೆ ಇದು ಒಳ್ಳೇ ಉಪಾಯ. ಅದಕ್ಕಿಂತ ಹಳೇದಾದರೆ ಸ್ಕ್ಯಾನರ್ ಮಾತಾಡದೇ ಇರಬಹುದು, ಆಗ ಮಲ್ಟಿಮೀಟರ್ ಹಿಡಿಯೋ ಮಿಸ್ತ್ರಿಯನ್ನೇ ಹುಡುಕಬೇಕು.

ಕೋಡ್ ಬಂದ ಕೂಡ್ಲೇ ಸೆನ್ಸರ್ ಕೊಳ್ಳೋಕೆ ಓಡಬೇಡಿ. ಮೊದಲು ವೈರು ನೋಡ್ರಿ. ಕಡ್ಲಿ ಚೀಲ ಹೇರಿದ ಗಾಡಿಯನ್ನ ಹೊಲದಲ್ಲೇ ನಿಲ್ಲಿಸಿದರೆ ಇಲಿ ಬರೋದೇ, ಕಡ್ಲಿ ತಿಂದು ಹಲ್ಲು ಉಜ್ಜೋಕೆ ವೈರೇ ಬೇಕು ಅದಕ್ಕೆ. ಆಮೇಲೆ ಬ್ಯಾಟರಿಯಿಂದ ಬಾಡಿಗೆ ಹೋಗೋ ಅರ್ತಿಂಗ್ ತುಕ್ಕು ಹಿಡಿದಿದೆಯಾ ನೋಡಿ ಉಜ್ಜಿ ಬಿಗಿಯಿರಿ. ಮೂರನೇದು ಫಿಲ್ಟರ್. ಕ್ಯಾನಿನಲ್ಲಿ ತಂದು ಸುರಿದ ಪೆಟ್ರೋಲಿನ ಜತೆ ಎರೆಮಣ್ಣಿನ ಧೂಳೂ ಟ್ಯಾಂಕು ಸೇರಿರ್ತದೆ. ಇನ್ನೊಂದು: ಟ್ಯಾಂಕಿನೊಳಗಿನ ಪಂಪು ತಣ್ಣಗಿರೋದೇ ಪೆಟ್ರೋಲಿನಿಂದ. ಯಾವಾಗಲೂ ರಿಸರ್ವಿನಲ್ಲೇ ಓಡಿಸಿದರೆ ಪಂಪು ಬೇಗ ಸುಟ್ಟು, ಉಳಿಸಿದ ದುಡ್ಡಿನ ಎಷ್ಟೋ ಪಟ್ಟು ಖರ್ಚು ಬರ್ತದೆ.

ಕಾರ್ಬುರೇಟರ್ ಹಾಕೋದು ನನಗೆ ಸರಿ ಅನ್ನಿಸೋದು ಒಂದೇ ಕಡೆ. ಗುಜರಿಗೆ ಹೋದ ಗಾಡಿಯ ಎಂಜಿನ್ ತಂದು, ರಸ್ತೆಗಿಳಿಸದೇ, ಹೊಲದಲ್ಲೇ ಚೌಕಟ್ಟಿಗೆ ಕೂಡ್ರಿಸಿ ಪಂಪು ಇಲ್ಲವೇ ಮೇವು ಕತ್ತರಿಸೋ ಯಂತ್ರ ಓಡಿಸೋದಾದರೆ ಇಸಿಎಂ ಬೇಕಿಲ್ಲ. ಒಂದೇ ವೇಗ, ಹೆಚ್ಚುಕಡಿಮೆ ಒಂದೇ ಹೊರೆ, ಹಂಗಾಗಿ ವೆಂಚುರಿಯ ಡೋಸು ಅಷ್ಟಾಗಿ ಏರುಪೇರಾಗೋದಿಲ್ಲ. ಗುಜರಾತಿನ ಅಮ್ರೇಲಿ ಜಿಲ್ಲೆಯ ಮನ್ಸುಖಭಾಯಿ ಜಗಾನಿ ಬುಲೆಟ್ ಬೈಕಿಗೆ ಕುಂಟೆ ಕಟ್ಟಿ ‘ಬುಲೆಟ್ ಸಾಂತಿ’ ಮಾಡಿದ್ದು ಇಂಥದೇ ತಲೆಯಿಂದ. ಆದರೆ ಗವರ್ನರ್ ಇಲ್ಲದೇ ಚಾಲೂ ಮಾಡಬೇಡಿ. ಬೆಲ್ಟ್ ಹರಿದರೆ ಅಥವಾ ಪಂಪಿಗೆ ನೀರು ತಪ್ಪಿದರೆ ಹೊರೆ ಇಲ್ಲದ ಎಂಜಿನ್ ಕೂಗಿಕೊಂಡು ಮೇಲೇರ್ತದೆ, ತಡೆಯೋಕೆ ಕಂಪ್ಯೂಟರೂ ಇಲ್ಲ. ರೇಡಿಯೇಟರ್ ತಪ್ಪಿಸೋ ಹಂಗಿಲ್ಲ. ಶೆಡ್ಡಿನ ಬಾಗಿಲು ಹಾಕಿ ಓಡಿಸಿದರೆ ಕಾರ್ಬನ್ ಮಾನಾಕ್ಸೈಡ್ ಮನುಷ್ಯರನ್ನೂ ದನಗಳನ್ನೂ ಕೊಲ್ತದೆ, ವಾಸನೆಯೂ ಬರೋದಿಲ್ಲ.

ಹಂಗಾಮು ಮುಗಿದ ಮೇಲೆ ಪೆಟ್ರೋಲ್ ಕಾಕ್ ಬಂದ್ ಮಾಡಿ, ಎಂಜಿನ್ ತಾನಾಗೇ ಆರೋವರೆಗೆ ಬಿಡ್ರಿ. ಎಥೆನಾಲ್ ಗಾಳಿಯ ತೇವ ಹೀರ್ತದೆ. ಫ್ಲೋಟ್ ಬಟ್ಟಲಲ್ಲಿ ಪೆಟ್ರೋಲ್ ಹಂಗೇ ಬಿಟ್ಟರೆ ಮುಂದಿನ ಹಂಗಾಮಿಗೆ ಜೆಟ್ ಕಟ್ಟಿಕೊಂಡಿರ್ತದೆ.