ಬಟ್ಟೆಯ ಬಣ್ಣವೂ ಹೊಳೆಯ ನೀರೂ

ಬಟ್ಟೆಗೆ ಬಣ್ಣ ಹಾಕುವ ವಿದ್ಯೆಯು ನಮ್ಮ ದೇಶಕ್ಕೆ ಹೊಸತಲ್ಲ. ನೀಲಿ, ಮಂಜಿಷ್ಠ, ಅರಿಸಿನ ಮೊದಲಾದ ಗಿಡಮೂಲಿಕೆಗಳಿಂದಲೇ ನಮ್ಮ ಹಿರಿಯರು ಸೀರೆಗಳಿಗೆ ರಂಗು ತಂದರು. ೧೮೫೬ರಲ್ಲಿ ಲಂಡನ್ನಿನ ಪರ್ಕಿನ್ ಎಂಬ ಹದಿನೆಂಟು ವಯಸ್ಸಿನ ತರುಣನು ಕಲ್ಲಿದ್ದಲ ಡಾಂಬರಿನ ಮೂಲದಿಂದ ನೇರಳೆ ಬಣ್ಣವನ್ನು ತೆಗೆದ ಮೇಲೆ ರಾಸಾಯನಿಕ ಬಣ್ಣಗಳ ಕಾಲವು ಆರಂಭವಾಯಿತು. ಇವು ಅಗ್ಗವೂ ಬೆಡಗಿನವೂ ಅಹುದು. ಆದರೆ ಇವುಗಳಿಂದ ನೀರಿಗೊದಗುವ ಕೇಡನ್ನು ನಾವು ತಿಳಿದಿರಬೇಕು.

ತೊಟ್ಟಿಗೆ ಹಾಕಿದ ಬಣ್ಣವೆಲ್ಲವೂ ನೂಲಿಗೆ ಹಿಡಿಯುವುದಿಲ್ಲ. ಉಳಿದುದು ತೊಳೆದ ನೀರಿನೊಡನೆ ಹೊರಬೀಳುವುದು. ಅದು ಹಳ್ಳವನ್ನು ಸೇರಿದರೆ ಮೊದಲು ಬೆಳಕನ್ನು ತಡೆಯುವುದು. ಬೆಳಕಿಲ್ಲದೆ ಪಾಚಿಯೂ ನೀರ್ಗಿಡಗಳೂ ಪ್ರಾಣವಾಯುವನ್ನು ಹೊರಬಿಡಲಾರವು. ಕೊಳೆಯುವ ಪದಾರ್ಥಗಳು ಇದ್ದುದನ್ನೂ ಹೀರುವುವು. ಮೀನುಗಳು ಉಸಿರುಕಟ್ಟಿ ಸಾಯುವುವು. ಅಜೋ ಬಣ್ಣಗಳಲ್ಲಿ ಕೆಲವು ಒಡೆದು ಕ್ಯಾನ್ಸರಿಗೆ ಕಾರಣವಾಗುವ ವಸ್ತುಗಳಾಗುವುದರಿಂದ, ೧೯೯೭ರ ವೇಳೆಗೆ ಭಾರತ ಸರ್ಕಾರವು ೧೧೨ ಬಣ್ಣಗಳನ್ನು ನಿಷೇಧಿಸಿತು.

ಕಣ್ಣಿಗೆ ಕಾಣದ ಕೇಡೆಂದರೆ ಉಪ್ಪು. ಹತ್ತಿಯ ನೂಲಿಗೆ ಬಣ್ಣ ಹಿಡಿಸಲು ಉಪ್ಪನ್ನು ಧಾರಾಳವಾಗಿ ಬೆರೆಸುವರು. ಸಾಧಾರಣ ಶುದ್ಧೀಕರಣದಿಂದ ರಂಗು ಹೋದರೂ ಉಪ್ಪು ಹೋಗದು. ತಮಿಳುನಾಡಿನ ತಿರುಪ್ಪೂರಿನ ಬಣ್ಣದ ನೀರು ನೊಯ್ಯಲ್ ಹೊಳೆಗೆ ಹರಿದುದರಿಂದ, ಬೇಸಾಯಕ್ಕೆಂದು ೧೯೯೨ರಲ್ಲಿ ಕಟ್ಟಿ ಮುಗಿಸಿದ ಒರತ್ತುಪಾಳಯಂ ಅಣೆಕಟ್ಟಿನ ನೀರು ಬೇಸಾಯಕ್ಕೇ ಬಾರದಂತಾಯಿತು. ೨೦೧೧ರಲ್ಲಿ ಮದ್ರಾಸಿನ ಉಚ್ಚ ನ್ಯಾಯಾಲಯವು ಅಲ್ಲಿನ ಬಣ್ಣದ ಕಾರ್ಖಾನೆಗಳನ್ನು ಮುಚ್ಚಿಸಿತು. ಮರಳಿ ತೆರೆಯಬೇಕಾದರೆ ನೀರನ್ನು ಹೊರಬಿಡದೆ, ಶೋಧಿಸಿ ಪುನಃ ಬಳಸತಕ್ಕದ್ದೆಂದಾಯಿತು.

ಈ ವಿಚಾರವು ನಮಗೇಕೆ ಎಂದರೆ, ೨೦೨೩ರಲ್ಲಿ ಕೇಂದ್ರ ಸರ್ಕಾರವು ದೊಡ್ಡ ಜವಳಿ ಪಾರ್ಕುಗಳಿಗಾಗಿ ಆರಿಸಿದ ಏಳು ಸ್ಥಳಗಳಲ್ಲಿ ನಮ್ಮ ಕಲಬುರಗಿಯೂ ಒಂದು. ಅದಕ್ಕಾಗಿ ಹೊನ್ನಕಿರಣಗಿಯ ಬಳಿ ೧,೦೦೦ ಎಕರೆ ಭೂಮಿಯನ್ನು ಗೊತ್ತುಮಾಡಲಾಯಿತು. ಇದರಿಂದ ನಮ್ಮ ಮಕ್ಕಳಿಗೆ ಉದ್ಯೋಗ ದೊರೆತರೆ ಸಂತೋಷವೇ ಸರಿ. ಆದರೆ ಆ ಸೀಮೆಯ ನೀರು ಭೀಮೆಯ ಪಾಲು. ಚಿಂಚೋಳಿಯ ಮುಲ್ಲಾಮಾರಿಯು ಕಾಗಿಣೆಯನ್ನೂ, ಸೇಡಂ ಚಿತ್ತಾಪುರಗಳ ಕಾಗಿಣೆಯು ಭೀಮೆಯನ್ನೂ ಕೂಡುತ್ತವೆ. ಬಣ್ಣದ ಮನೆ ಎಲ್ಲಿಯೇ ಎದ್ದರೂ ಅದರ ನೀರು ಕಡೆಗೆ ಒಂದೇ ಹೊಳೆಗೆ ಸಲ್ಲುವುದು. ಶಹಾಬಾದ, ವಾಡಿಗಳ ಫರಸಿ ನೆಲವಂತೂ ಸುಣ್ಣಕಲ್ಲಿನದು. ಅದರ ಬಿರುಕುಗಳಲ್ಲಿ ಇಳಿದ ನೀರು ಬಾವಿಗಳನ್ನು ಸೇರಬಲ್ಲದು.

ಆದುದರಿಂದ ನಾವು ಮೊದಲೇ ಕೇಳಬೇಕಾದ ಪ್ರಶ್ನೆಗಳು ಮೂರು: ತೊಳೆದ ನೀರು ಎಲ್ಲಿಗೆ ಹೋಗುವುದು? ಅದರ ಉಪ್ಪನ್ನು ಏನು ಮಾಡುವರು? ಸುತ್ತಲಿನ ಬಾವಿಗಳನ್ನು ಪರೀಕ್ಷಿಸುವವರು ಯಾರು? ಶಾಲೆಯಲ್ಲಿ ರಸಾಯನಶಾಸ್ತ್ರವನ್ನು ಕಲಿತ ನಮ್ಮ ಹೆಣ್ಣುಮಕ್ಕಳು ಇವನ್ನು ಪಂಚಾಯತಿಯ ಸಭೆಯಲ್ಲಿ ಧೈರ್ಯವಾಗಿ ಕೇಳಲಿ. ನೀರು ತಿಳಿಯಾಗಿ ಕಂಡರೆ ಸಾಲದು. ಅದರಲ್ಲಿರುವ ಉಪ್ಪನ್ನೂ ಅಳೆದು ನೋಡತಕ್ಕದ್ದು.