ಕತ್ತು ತಿರುಚಿದ ಮರಿಯ ತಲೆಯೊಳಗೆ

ಮರಿ ಕತ್ತು ತಿರುಚಿತೆಂದರೆ ನಮ್ಮ ಕಡೆ ಒಂದೇ ಮಾತು: ಕೊಕ್ಕರೆ ರೋಗ. ಕಳೆದ ಆಟಿಯಲ್ಲಿ ನನಗೂ ಹಾಗೇ ಅನಿಸಿದ್ದು.

60 ಗಿರಿರಾಜ ಮರಿ ತಂದಿದ್ದೆ. 7ನೇ ದಿನ ಕಣ್ಣಿಗೆ ಲಸಿಕೆಯ ಹನಿಯೂ ಬಿದ್ದಿತ್ತು. 20 ದಿನ ಆಗುವಾಗ ಒಂದೆರಡು ಮರಿ ಕುಡಿದವರ ಹಾಗೆ ತೂರಾಡತೊಡಗಿದವು. ಮರುದಿನ 6. ತಲೆ ಹಿಂದಕ್ಕೆ ಎಳೆದುಕೊಂಡು ಅಂಗಾತ ಬೀಳುವುದು, ಕಾಲು ಬಡಿಯುವುದು. ನಾಲ್ಕು ದಿನದಲ್ಲಿ 11 ಹೋದವು. ಆದರೆ ಉಬ್ಬಸ ಇಲ್ಲ, ಹಸಿರು ಹಿಕ್ಕೆ ಇಲ್ಲ.

ಆಗಷ್ಟೇ ಸತ್ತ ಎರಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಪಶು ಆಸ್ಪತ್ರೆಗೆ ಒಯ್ದೆ. ಡಾಕ್ಟ್ರು ಕೈಗವಸು ಹಾಕಿ, ಸಣ್ಣ ಕತ್ತರಿಯಲ್ಲಿ ತಲೆಬುರುಡೆ ಬಿಡಿಸಿದರು. (ಇದನ್ನು ಮನೆಯಲ್ಲಿ ನಾವೇ ಮಾಡಲು ಹೋಗಬಾರದು.) ಇಷ್ಟು ವರ್ಷ ಕೋಳಿ ಸಾಕಿದರೂ ಅದರ ಮೆದುಳು ನೋಡಿದ್ದು ಅಂದೇ. ದೊಡ್ಡ ಹೇಂಟೆಯದ್ದೂ ಸುಮಾರು 3-4 ಗ್ರಾಂ ಅಷ್ಟೇ ಅಂತೆ.

ಎದುರಿಗೆ ಎರಡು ಹೋಳು, ನಮ್ಮ ಮೆದುಳಿನ ಹಾಗೆ ಸುಕ್ಕಿಲ್ಲ, ನುಣ್ಣಗೆ. ಕಲಿಯುವುದು, ನೆನಪಿಡುವುದು ಅಲ್ಲಿ. ಅದರ ಹಿಂದೆ ಕೆಳಗೆ, ಎರಡು ಪಕ್ಕದಲ್ಲಿ ಉಬ್ಬಿದ ಗುಂಡುಗಳು ಕಣ್ಣಿನ ಕೆಲಸಕ್ಕೆ. ಕೋಳಿಗೆ ಕಣ್ಣೇ ಪ್ರಧಾನ, ಅದಕ್ಕೇ ಅವು ಅಷ್ಟು ದೊಡ್ಡವು. ಹಿಂಭಾಗದಲ್ಲಿ ಅಡ್ಡ ಗೆರೆಗಳ ಕಿರುಮೆದುಳು. ನಿಲ್ಲುವುದು, ನಡೆಯುವುದು, ಕತ್ತು ಹಿಡಿತದಲ್ಲಿರುವುದು ಇದರಿಂದ. ಎಲ್ಲದರ ಅಡಿಗೆ ಉಸಿರು, ಎದೆಬಡಿತ ನಡೆಸುವ ಕಾಂಡ. ಅದೇ ಮುಂದುವರಿದು ಬೆನ್ನುಹುರಿ. ಅಮೆರಿಕದ ಕೊಲೊರಾಡೊದಲ್ಲಿ 1945ರಲ್ಲಿ ಕೊಡಲಿ ಏಟು ತಪ್ಪಿ ಈ ಕಾಂಡ ಉಳಿದುಕೊಂಡ ಒಂದು ಹುಂಜ ತಲೆಯಿಲ್ಲದೆ 18 ತಿಂಗಳು ಬದುಕಿತ್ತು. ಅನ್ನನಾಳಕ್ಕೇ ಹನಿ ಹನಿಯಾಗಿ ಆಹಾರ ಬಿಡುತ್ತಿದ್ದರಂತೆ!

ನನ್ನ ಮರಿಯಲ್ಲಿ ಕೆಟ್ಟದ್ದು ಕಿರುಮೆದುಳು ಮಾತ್ರ. ಬಾತು ಮೆತ್ತಗಾಗಿತ್ತು, ಮೇಲೆ ಸೂಜಿಮೊನೆಯಂಥ ಕೆಂಪು ಚುಕ್ಕೆಗಳು.

"ಎಂತ ಹಾಕ್ತಿದ್ದೀರಿ ತಿನ್ನಲಿಕ್ಕೆ?" ಕೇಳಿದರು.

ತವುಡು, ಜೋಳದ ನುಚ್ಚು, ಒಣಮೀನಿನ ಪುಡಿ. ಮಳೆಗೆ ಮೊದಲೇ ತಂದು ಅಟ್ಟದಲ್ಲಿಟ್ಟದ್ದು. ಎರಡು ತಿಂಗಳಾಗಿತ್ತು. ಕಮಟು ವಾಸನೆ ಬಂದದ್ದು ಗೊತ್ತಿತ್ತು ಮಾರಾಯ್ರೆ, ಕೋಳಿಗೆ ತಾನೇ ಎಂದು ಸುಮ್ಮನಿದ್ದೆ. ತವುಡಿನ, ಮೀನಿನ ಎಣ್ಣೆಯಂಶ ಕಮಟಿದರೆ ಆಹಾರದ ಇ ಜೀವಸತ್ವ ನಾಶವಾಗುತ್ತದೆ. ಅದಿಲ್ಲದೆ ಎರಡರಿಂದ ನಾಲ್ಕು ವಾರದ ಮರಿಗಳ ಕಿರುಮೆದುಳು ಕೊಳೆತಂತಾಗುತ್ತದೆ. ಅಂಟುರೋಗವಲ್ಲ. ಒಂದೇ ಚೀಲದ್ದು ತಿಂದದ್ದಕ್ಕೆ ಎಲ್ಲಕ್ಕೂ ಬಂದದ್ದು.

ಆ ಚೀಲಗಳನ್ನು ಗೊಬ್ಬರದ ಗುಂಡಿಗೆ ಸುರಿದೆ. ಹೊಸ ಆಹಾರ, ಡಾಕ್ಟ್ರು ಹೇಳಿದ ಅಳತೆಯಲ್ಲಿ ನೀರಿಗೆ ಇ ಜೀವಸತ್ವ. ತೂರಾಡುತ್ತಿದ್ದ 5 ಮರಿ ಚೇತರಿಸಿದವು. ಅಂಗಾತ ಬಿದ್ದವುಗಳಲ್ಲಿ ಒಂದೂ ಏಳಲಿಲ್ಲ.

ಕೊಕ್ಕರೆ ರೋಗದಲ್ಲೂ ಕತ್ತು ತಿರುಚುವುದುಂಟು. ಹಾಗಾಗಿ ಕತ್ತು ನೋಡಿಯೇ ತೀರ್ಮಾನ ಬೇಡ, ಸತ್ತ ಮರಿಯನ್ನು ಡಾಕ್ಟ್ರಿಗೆ ತೋರಿಸಿ. ನಾನೀಗ ತವುಡನ್ನು ವಾರಕ್ಕೊಮ್ಮೆ ಮಿಲ್ಲಿನಿಂದ ತರುತ್ತೇನೆ, ಮೂಸಿ ನೋಡಿಯೇ ಚೀಲ ಕಟ್ಟಿಸುವುದು.